ಕೊಳೆ ಅಳೆಯಲು ಹೋದ ಮನೆ

ನಾನೇ ಬರೆದ ಪ್ರೋಗ್ರಾಮು ನನ್ನ ತಲೆಯನ್ನು ಮೊದಲ ಸಲ ಕೊಳೆ ಎಂದು ಗುರುತಿಸಿದ್ದು ತೋಡಾರಿನ ಒಂದು ಗೋದಾಮಿನ ಮೇಲೆ. ಸೋಲಾರ್ ಪ್ಯಾನೆಲಿನ ಗಾಜು ಕನ್ನಡಿಯಷ್ಟು ಅಲ್ಲದಿದ್ದರೂ ಸಾಕಷ್ಟು ಹೊಳೆಯುತ್ತದೆ. ಫೋಟೊ ತೆಗೆಯಲು ಬಗ್ಗಿದವಳ ಮುಖ, ಹಿಂದಿನ ಮೋಡ, ಹಾರುವ ಕಾಗೆ ಎಲ್ಲವೂ ಅದರಲ್ಲಿ ಬಂದು ಕೂರುತ್ತವೆ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ಪ್ಯಾನೆಲಿನ ನಡುವೆ ದುಂಡಗಿನ ಒಂದು ಜಾಗಕ್ಕೆ ಅದು ಕೆಂಪು ಬಳಿದಿತ್ತು. ಕೆಂಪು ಎಂದರೆ ದಟ್ಟ ಕೊಳೆ, ಕೂಡಲೇ ತೊಳೆಯಬೇಕು ಎಂದು ಅರ್ಥ. ದೊಡ್ಡದು ಮಾಡಿ ನೋಡಿದೆ: ನನ್ನ ತಲೆ, ಬೈತಲೆ ಸಮೇತ. ಒಬ್ಬಳೇ ಕೂತು ಜೋರಾಗಿ ನಕ್ಕೆ. ಆಮೇಲೆ ನನ್ನನ್ನು ಚಿತ್ರದಿಂದ ಅಳಿಸಿಹಾಕುವ ಸಾಲುಗಳನ್ನು ನಾನೇ ಬರೆದು ಸೇರಿಸಿದೆ.

ಕೆಲಸ ಇಷ್ಟೇ. ಮಂಗಳೂರಿನ ಒಂದು ಸಣ್ಣ ಕಂಪನಿ ನಮ್ಮ ಕಡೆಯ ಮನೆ, ಮಿಲ್ಲು, ಹೋಟೆಲುಗಳ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಕೊಡುತ್ತದೆ. ಹಾಕಿದ ಮೇಲೆ ಧೂಳು ಕೂರುತ್ತದೆ, ಕರೆಂಟು ಇಳಿಯುತ್ತದೆ. ಯಾವಾಗ ತೊಳೆಯಬೇಕು ಎಂಬುದು ಪ್ರಶ್ನೆ. ಸುಮ್ಮಸುಮ್ಮನೆ ತೊಳೆದರೆ ನೀರು ದಂಡ, ತೊಳೆಯದಿದ್ದರೆ ಬಿಸಿಲು ದಂಡ. ಪ್ಯಾನೆಲಿನ ಫೋಟೊ ನೋಡಿ ಕೊಳೆ ಎಷ್ಟಿದೆ ಎಂದು ಹೇಳುವ ಪ್ರೋಗ್ರಾಮು ಬರೆದುಕೊಡಿ ಎಂದು ಅವರು ನನ್ನನ್ನು ಕೇಳಿದ್ದರು. ಹಾಗಾಗಿ ನಾನು ಸ್ಕೂಟರಿನಲ್ಲಿ ಹೋಗಿ, ಪ್ರತಿ ಸಲವೂ ಅದೇ ಜಾಗದಲ್ಲಿ ನಿಂತು, ಅದೇ ಓರೆಯಲ್ಲಿ, ಬಿಸಿಲು ಏರುವ ಹೊತ್ತಿಗೆ ಫೋಟೊ ತೆಗೆಯುತ್ತಿದ್ದೆ. ಪ್ಯಾನೆಲಿನ ಮೂಲೆಯಲ್ಲಿ ಬೂದು ಬಣ್ಣದ ಒಂದು ಕಾರ್ಡು ಇಡಬೇಕು. ಆ ದಿನದ ಬೆಳಕು ಹೇಗಿದೆ ಎಂದು ಪ್ರೋಗ್ರಾಮಿಗೆ ತಿಳಿಯುವುದು ಅದರಿಂದ. ಓರೆಯಾಗಿ ಕಂಡ ಪ್ಯಾನೆಲನ್ನು ಅದು ನೇರ ಮಾಡಿಕೊಳ್ಳುತ್ತದೆ, ನಡುವಿನ ಬೆಳ್ಳಿಗೆರೆಗಳನ್ನು ಬಿಟ್ಟುಬಿಡುತ್ತದೆ, ಹೊಸತರಲ್ಲಿ ತೆಗೆದ ಫೋಟೊದ ಜೊತೆ ಚುಕ್ಕಿ ಚುಕ್ಕಿಯಾಗಿ ಹೋಲಿಸುತ್ತದೆ. ಕಪ್ಪುನೀಲಿ ಇರಬೇಕಾದ ಕಡೆ ಮಸುಕು ಕಂಡರೆ ಅದು ಕೊಳೆ.

ಕೊಳೆಯಲ್ಲಿ ಇಷ್ಟು ಬಗೆ ಇದೆ ಎಂದು ಈ ಕೆಲಸಕ್ಕೆ ಬರುವ ಮೊದಲು ನನಗೆ ಗೊತ್ತಿರಲಿಲ್ಲ. ಬಂಟ್ವಾಳದ ಅಕ್ಕಿ ಮಿಲ್ಲಿನ ಮೇಲೆ ತೌಡಿನ ಹಳದಿ ಪುಡಿ. ಹೊಳೆಯ ಕಡೆಯಿಂದ ಬರುವ ಬೆಳಗಿನ ತೇವಕ್ಕೆ ಅದು ಅಂಟಿನಂತೆ ಹಿಡಿದುಕೊಂಡಿರುತ್ತದೆ. ಚಾರ್ಮಾಡಿಯಲ್ಲಿ ಘಾಟಿ ಹತ್ತುವ ಮುಂಚೆ ಸಿಗುವ ಹೋಟೆಲಿನ ಮೇಲೆ ಲಾರಿ ಹೊಗೆಯ ಕಪ್ಪು, ಅದರ ಮೇಲೆ ಮಂಗಗಳ ಅಂಗೈ ಅಂಗಾಲು. ಬೆಳ್ತಂಗಡಿಯ ಸಭಾಭವನದ ಮೇಲೆ ಪಾರಿವಾಳಗಳದ್ದೇ ರಾಜ್ಯ. ತೋಡಾರಿನಲ್ಲಿ ಕೆಂಪುಕಲ್ಲಿನ ಕೋರೆಯ ಧೂಳು, ಮುಟ್ಟಿದರೆ ಬೆರಳು ಕುಂಕುಮ. ಮಳೆಗಾಲದಲ್ಲಿ ನನಗೆ ಕೆಲಸವಿಲ್ಲ, ಮಳೆಯೇ ತೊಳೆಯುತ್ತದೆ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ನನ್ನ ಸುಗ್ಗಿ.

ಈ ಮಾಡುಗಳ, ಎಂದರೆ ಛಾವಣಿಗಳ, ಮೇಲೆ ಯಾರೂ ಇರುವುದಿಲ್ಲ. ಮಿಲ್ಲಿನವರು ಕೆಳಗಿನಿಂದಲೇ ಕೈ ಎತ್ತಿ ಏಣಿ ತೋರಿಸುತ್ತಾರೆ. ಹೋಟೆಲಿನವರಿಗೆ ಗಿರಾಕಿಗಳ ಗಡಿಬಿಡಿ. ಸಭಾಭವನದ ಕಾವಲಿನವನು ನಾನು ಹತ್ತಿದ್ದನ್ನು ನೋಡುತ್ತಾನೆ, ಇಳಿದದ್ದನ್ನು ನೋಡುವುದಿಲ್ಲ. ಒಂದು ಸಲ ಮೇಲಿನ ಬಾಗಿಲಿಗೆ ಚಿಲಕ ಹಾಕಿಕೊಂಡು ಊಟಕ್ಕೆ ಹೋಗಿದ್ದ. ಬಿಸಿಲಿಗೆ ಬೆಂದು, ಪಾರಿವಾಳಗಳಿಗೆ ಬೈದು, ಅವನು ಬಂದ ಮೇಲೆ ಅವನಿಗೂ ಬೈದು ಕೆಳಗಿಳಿದೆ. ನನಗೆ ಸಿಟ್ಟು ಬೇಗ ಬರುತ್ತದೆ. ಬೈದ ಮೇಲೆ ನೆನಪಾಯಿತು, ಆ ವಾರ ನಾನು ಒಬ್ಬ ಮನುಷ್ಯನ ಜೊತೆ ಎದುರೆದುರು ನಿಂತು ಆಡಿದ ಮಾತು ಅದೇ ಮೊದಲು.

ಮೂಡುಬಿದಿರೆಯಲ್ಲಿ ಬಾಡಿಗೆ ಮನೆಯಲ್ಲಿ ನಾನು ಒಬ್ಬಳೇ ಇರುವುದು. ಮದುವೆಯಾಗಿಲ್ಲ, ಯಾಕೆ ಎಂದು ಕೇಳುವವರೂ ಈಗ ಕಡಿಮೆಯಾಗಿದ್ದಾರೆ. ಮೊದಲು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದೆ. ಮಕ್ಕಳ ಗಲಾಟೆ ತಡೆಯಲಾಗುವುದಿಲ್ಲ ಎಂದು ಬಿಟ್ಟೆ. ಈಗ ಮನೆಯಲ್ಲಿ ಗಲಾಟೆ ಎಂದರೆ ಫ್ರಿಜ್ಜಿನದ್ದು ಮಾತ್ರ. ಮುಂಬೈಯಲ್ಲಿರುವ ಅಕ್ಕ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯ ಕಳಿಸುತ್ತಾಳೆ, ನಾನು ಕೈಮುಗಿದ ಗುರುತು ಕಳಿಸುತ್ತೇನೆ. ಅಲ್ಲಿಗೆ ಇಬ್ಬರೂ ಬದುಕಿದ್ದೇವೆ ಎಂದು ಖಾತ್ರಿ.

ವಾಮದಪದವಿನ ಮನೆ ಮಾತ್ರ ಬೇರೆ. ಪೇಟೆಯಿಂದ ಸ್ವಲ್ಪ ಒಳಗೆ, ಪದವಿನ ಮೇಲೆ, ಎಂದರೆ ಗುಡ್ಡದ ನೆತ್ತಿಯ ಬಯಲಲ್ಲಿ, ನಾಲ್ಕೂ ಕಡೆಯಿಂದ ಗಾಳಿ ಬೀಸುವ ಜಾಗದಲ್ಲಿ ಒಂದು ಹೊಸ ತಾರಸಿ ಮನೆ. ಯಜಮಾನರು ಸೌದಿಯಲ್ಲಿ. ಮನೆಯಲ್ಲಿ ಇದ್ದದ್ದು ಅವರ ಹೆಂಡತಿ, ಬ್ಯಾರಿ ಹೆಂಗಸು, ನನಗಿಂತ ಕೆಲವು ವರ್ಷ ಚಿಕ್ಕವರು; ಮತ್ತೆ ಶಾಲೆಗೆ ಹೋಗುವ ಒಬ್ಬಳು ಮಗಳು. ತಾರಸಿಗೆ ಹೋಗುವ ಹೊರಗಿನ ಮೆಟ್ಟಿಲಿಗೆ ಗ್ರಿಲ್ಲಿನ ಬಾಗಿಲು, ಅದಕ್ಕೆ ಬೀಗ. ಹಾಗಾಗಿ ಬುಧವಾರ ಹೋಗುವ ಮುಂಚೆ ಪ್ರತಿ ಮಂಗಳವಾರ ಸಂಜೆ ಫೋನು ಮಾಡಿ, ನಾಳೆ ಬರುತ್ತೇನೆ ಎಂದು ಹೇಳಬೇಕಿತ್ತು. ಬೇರೆಲ್ಲೂ ಇದರ ಅಗತ್ಯವಿರಲಿಲ್ಲ. ನಾಳೆ ಬರುತ್ತೇನೆ ಎಂದು ನಾನು ಹೇಳುವ, ಬನ್ನಿ ಎಂದು ಆ ಕಡೆಯಿಂದ ಹೇಳುವ ಮನೆ ಇಡೀ ಪ್ರಪಂಚದಲ್ಲಿ ನನಗೆ ಅದೊಂದೇ ಇತ್ತು.

ಫೋಟೊ ತೆಗೆದು ಇಳಿದರೆ ಜಗಲಿಯ ಟೀಪಾಯಿ ಮೇಲೆ ಚಾ, ಒಂದು ತಟ್ಟೆಯಲ್ಲಿ ಬನ್ಸ್ ಅಥವಾ ತುಪ್ಪ ಸವರಿದ ರೊಟ್ಟಿ. ಅವರು ನನ್ನ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದರು. ಕಂಪನಿಯಿಂದ ಬಂದವರ ಜೊತೆ ಕನ್ನಡವೇ ಸರಿ ಎಂದು ಅವರ ಲೆಕ್ಕ. "ತೆಗೆದುಕೊಳ್ಳಿ ಮೇಡಂ. ಬಿಸಿಲು ಬಹಳ ಉಂಟು," ಎಂದು ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ನಿಧಾನವಾಗಿ ಹೇಳುತ್ತಿದ್ದರು. ನಾನೂ "ಹೌದು, ಬಹಳ ಉಂಟು" ಎನ್ನುತ್ತಿದ್ದೆ. ಅವರ ಮನೆಮಾತು ಬ್ಯಾರಿಯಾದರೂ ಊರಲ್ಲಿ ಇಬ್ಬರೂ ಚಿಕ್ಕಂದಿನಿಂದ ತುಳು ಮಾತಾಡಿಕೊಂಡು ಬಂದವರು, ಹೀಗೆ ಪುಸ್ತಕದ ಕನ್ನಡದಲ್ಲಿ ಬಿಸಿಲಿನ ವಿಚಾರ ಮಾತಾಡುವುದು ತಮಾಷೆಯೇ. ಆದರೂ ನನಗೆ ಅದು ಸಾಕಿತ್ತು. ಗೇಟಿನ ಹೊರಗೆ ಬಂದ ಮೇಲೆ ಸ್ಕೂಟರು ಸ್ಟಾರ್ಟ್ ಮಾಡಲು ಮನಸ್ಸಾಗದೆ ಸ್ವಲ್ಪ ಹೊತ್ತು ಹೆಲ್ಮೆಟ್ಟಿನ ಬೆಲ್ಟು ಸರಿಮಾಡುತ್ತಾ ನಿಲ್ಲುತ್ತಿದ್ದೆ.

ತೊಂದರೆ ಶುರುವಾದದ್ದು ಲೆಕ್ಕದಲ್ಲಿ. ಉಳಿದ ಎಲ್ಲ ಮಾಡುಗಳ ಮೇಲೂ ಕೊಳೆ ವಾರ ವಾರ ಏರುತ್ತಿತ್ತು. ವಾಮದಪದವಿನ ಮನೆಯದ್ದು ಮಾತ್ರ ಏರಲೇ ಇಲ್ಲ. ನವೆಂಬರಿನಲ್ಲಿ ಶುಭ್ರ, ಡಿಸೆಂಬರಿನಲ್ಲಿ ಶುಭ್ರ, ಮಕರ ಸಂಕ್ರಾಂತಿ ಕಳೆದರೂ ಶುಭ್ರ. ಮಣ್ಣುರಸ್ತೆ ಪಕ್ಕದಲ್ಲೇ ಇದೆ, ಒಂದು ಜೀಪು ಹೋದರೆ ಸಾಕು, ಮನೆಯೇ ಕಾಣದಷ್ಟು ಧೂಳು. ಪ್ರೋಗ್ರಾಮು ಮಾತ್ರ "ಕೊಳೆ ಇಲ್ಲ" ಎಂದು ಹೇಳುತ್ತಲೇ ಇತ್ತು.

ಕಂಪನಿಯಲ್ಲಿ ನನ್ನ ಕೆಲಸ ನೋಡಿಕೊಳ್ಳುವ ಹುಡುಗ, ನನ್ನ ಹಳೆಯ ವಿದ್ಯಾರ್ಥಿಗಳ ಪ್ರಾಯದವನು, ಫೋನು ಮಾಡಿದ. "ಮೇಡಂ, ಆ ಮನೆಯಿಂದ ನಮಗೆ ಎಂತ ಸಿಕ್ತಾ ಇಲ್ಲ. ಕೊಳೆಯೇ ಆಗದ ಮನೆಯಲ್ಲಿ ಕೊಳೆ ಅಳೆಯುವುದು ಹೇಗೆ? ಅದನ್ನು ಬಿಟ್ಟುಬಿಡುವ. ಬೇರೆ ಮನೆ ನೋಡುವ."

"ಸ್ವಲ್ಪ ದಿನ ಇರಲಿ. ನನ್ನ ಪ್ರೋಗ್ರಾಮಿನಲ್ಲೇ ತಪ್ಪಿರಬಹುದು," ಎಂದೆ. ನನ್ನ ಪ್ರೋಗ್ರಾಮಿನಲ್ಲಿ ತಪ್ಪಿದೆ ಎಂದು ನಾನಾಗಿ ಹೇಳಿದ್ದನ್ನು ಅವನು ಎಂದೂ ಕೇಳಿರಲಿಲ್ಲ. "ಆಯ್ತು, ಈ ತಿಂಗಳು ನೋಡುವ," ಎಂದ.

ತಪ್ಪು ಹುಡುಕಲು ಕೂತೆ. ಅಲ್ಲಿಯ ಬೆಳಕು ಹೆಚ್ಚೇ? ಕಾರ್ಡಿನ ಬಣ್ಣ ಮಾಸಿದೆಯೇ? ಕೆಂಪು ಮಣ್ಣಿನ ಸಣ್ಣ ಧೂಳು ಗಾಜಿನ ಮೇಲೆ ತೆಳುವಾಗಿ ಕೂತರೆ ಪ್ರೋಗ್ರಾಮಿನ ಕಣ್ಣಿಗೆ ಬೀಳುವುದಿಲ್ಲವೇ? ಹಾಗಾದರೆ ತೋಡಾರಿನಲ್ಲಿ ಹೇಗೆ ಬೀಳುತ್ತದೆ? ಇರಲಾರದೆ ಇರುವೆ ಬಿಟ್ಟುಕೊಂಡ ಹಾಗೆ ಸರಿಯಿದ್ದುದನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸಿದೆ. ಉತ್ತರ ಅದೇ. ಕೊನೆಗೆ ಫೋಟೊಗಳನ್ನು ಬಿಟ್ಟು ಇನ್ವರ್ಟರಿನ ಲೆಕ್ಕ ತೆಗೆದೆ. ದಿನಕ್ಕೆ ಎಷ್ಟು ಕರೆಂಟು ಹುಟ್ಟಿತು ಎಂದು ಆ ಪೆಟ್ಟಿಗೆ ತಾನಾಗಿ ಕಂಪನಿಗೆ ಕಳಿಸುತ್ತಿರುತ್ತದೆ. ಗೆರೆ ಎಳೆದು ನೋಡಿದರೆ ಅದು ದಿನದಿನ ಸ್ವಲ್ಪಸ್ವಲ್ಪ ಇಳಿಯುತ್ತಾ ಬಂದು ಒಂದು ದಿನ ಟಕ್ಕನೆ ಮೇಲೆ ಹಾರುತ್ತಿತ್ತು. ಮತ್ತೆ ಇಳಿತ, ಮತ್ತೆ ಹಾರಿಕೆ. ಹಾರಿದ ದಿನಗಳನ್ನು ನೋಡಿದೆ. ಎಲ್ಲವೂ ಬುಧವಾರ. ನಾನು ಹೋದ ಬುಧವಾರ. ನಾನು ಬರುವ ದಿನ ಯಾರೋ ಕೊಳೆಯನ್ನು ಇಲ್ಲವಾಗಿಸುತ್ತಿದ್ದರು.

ಆ ಸೋಮವಾರ ಫೋನು ಮಾಡದೆ ಹೋದೆ.

ಗೇಟಿನ ಸದ್ದು ಕೇಳಿ ಅವರು ಹೊರಗೆ ಬಂದರು. ಮೀನು ತೊಳೆಯುತ್ತಿದ್ದಿರಬೇಕು, ಕೈ ಒದ್ದೆ. ನನ್ನನ್ನು ಕಂಡದ್ದೇ ಮುಖ ಕಂಗೆಟ್ಟು ಹೋಯಿತು. "ದಾನೆ, ಇನಿ ಸೋಮವಾರ ಅತ್ತಾ?" ಎಂದುಬಿಟ್ಟರು. ಏನಿದು, ಇವತ್ತು ಸೋಮವಾರ ಅಲ್ಲವಾ ಎಂದು. ಗಾಬರಿಯಲ್ಲಿ ಕನ್ನಡ ಮರೆತೇಹೋಗಿತ್ತು. ಆ ದಿನದಿಂದ ನಮ್ಮಿಬ್ಬರ ಮಾತು ತುಳುವಿಗೆ ಬಂತು. ಇಲ್ಲಿ ಬರೆಯಲು ಕನ್ನಡ ಮಾಡಿಕೊಂಡಿದ್ದೇನೆ.

"ಈ ಕಡೆ ಬಂದಿದ್ದೆ. ಹಾಗೇ ಒಂದು ಫೋಟೊ ತೆಗೆದು ಹೋಗುವ ಅಂತ," ಎಂದೆ.

"ಮೇಲೆ ಹೋಗ್ಬೇಡಿ. ಸ್ವಲ್ಪ ನಿಲ್ಲಿ. ಕೂತ್ಕೊಳ್ಳಿ, ಚಾ ಕುಡೀರಿ, ಮತ್ತೆ ಹೋಗುವ," ಎನ್ನುತ್ತಾ ಒಳಗೆ ಓಡಿದರು. ಹೊರಗೆ ಬರುವಾಗ ಕೈಯಲ್ಲಿ ಬಾಲ್ದಿ, ಭುಜದ ಮೇಲೆ ಒರೆಸಲು ಹಳೆಯ ಬೈರಾಸು ಟವೆಲು. ಗ್ರಿಲ್ಲಿನ ಬೀಗ ತೆಗೆದು ಮೆಟ್ಟಿಲು ಹತ್ತತೊಡಗಿದರು. ನಾನು ಹಿಂದೆಯೇ ಹೋಗಿ ಬಾಲ್ದಿ ಹಿಡಿದುಕೊಂಡೆ.

"ಬೇಡ. ತೊಳೀಬೇಡಿ."

"ಮೇಲೆ ನೋಡ್ಲಿಕ್ಕೆ ಆಗ್ಲಿಕ್ಕಿಲ್ಲ ನಿಮಗೆ. ಮಗಳು ಬೇರೆ ಗೀಚಿ ಇಟ್ಟಿದ್ದಾಳೆ."

ಬಾಲ್ದಿಗಾಗಿ ಇಬ್ಬರೂ ಎಳೆದಾಡುತ್ತಾ ಹತ್ತಿದೆವು. ಮೇಲೆ ನಾನು ತಿಂಗಳುಗಟ್ಟಲೆ ಹುಡುಕುತ್ತಿದ್ದ ಕೊಳೆ ಒಂದು ಕೊರತೆಯೂ ಇಲ್ಲದೆ ಹರಡಿತ್ತು. ಕೆಂಪು ಧೂಳಿನ ಒಂದೇ ಸಮನಾದ ಪದರ, ಅಂಚಿನಲ್ಲಿ ಕಾಗೆಯ ಉಡುಗೊರೆ, ಕೆಳಗಿನ ಸಾಲಿನಲ್ಲಿ ಮಗಳು ಬೆರಳಿನಿಂದ ಬರೆದ ಒಂದು ವಿಮಾನ, ಕಿಟಕಿಗಳೂ ಇದ್ದವು. ನನಗೆ ಎಷ್ಟು ಖುಷಿಯಾಯಿತು ಎಂದರೆ ಕಾರ್ಡು ಇಡಲು ಮರೆತು ಎರಡೆರಡು ಸಲ ಫೋಟೊ ತೆಗೆದೆ. ಅವರು ಮೂಲೆಯಲ್ಲಿ ನಿಂತು, ಒಳಉಡುಪು ಒಣಗಿಸಿದ್ದನ್ನು ಪರರು ನೋಡಿದಂತೆ ಮುದುಡಿಕೊಂಡಿದ್ದರು.

"ನಾನು ಬರುವ ಮುಂಚೆ ನೀವು ಇದನ್ನು ತೊಳೆಯುವುದಾ?" ಎಂದು ಕೇಳಿದೆ.

"ಮತ್ತೆ? ತೊಳೆಯದೆ? ನೀವು ಫೋಟೊ ತೆಗೀಲಿಕ್ಕೆ ಬರುವುದಲ್ಲವಾ? ಕೊಳಕು ಇಟ್ಟು ಫೋಟೊ ತೆಗೆಸ್ಲಿಕ್ಕೆ ಆಗ್ತದಾ? ಇವಳ ಮನೆ ಹೀಗೆ ಅಂತ ಕಂಪನಿಯವರು ಹೇಳ್ಬಾರ್ದಲ್ಲ."

"ಕಂಪನಿಗೆ ಬೇಕಾದದ್ದೇ ಈ ಕೊಳಕು. ನಾನು ಅಳೀಲಿಕ್ಕೆ ಬರುವುದು ಇದನ್ನು."

ಅವರು ನನ್ನನ್ನು ನೋಡಿದರು, ಪ್ಯಾನೆಲನ್ನು ನೋಡಿದರು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗಲು ಶುರುಮಾಡಿದರು. "ಮೊದಲೇ ಹೇಳ್ಬಾರ್ದಿತ್ತಾ ಮಾರಾಯ್ರೆ! ಬುಧವಾರ ಬೆಳಿಗ್ಗೆ ಎದ್ದು ಸೊಂಟ ಹಿಡ್ಕೊಂಡು ತೊಳೆದದ್ದು ನಾನು. ಮಗಳಿಗೆ ಬುತ್ತಿ ಕಟ್ಟಿ, ಇಲ್ಲಿ ಹತ್ತಿ, ಇದನ್ನು ಉಜ್ಜಿ, ಮತ್ತೆ ಸ್ನಾನ ಮಾಡಿ ನಿಮಗೆ ಚಾಕ್ಕೆ ಇಡುವುದು."

ನಾನೂ ನಕ್ಕೆ. ನಗು ನಿಂತ ಮೇಲೆ ಅವರು ತಗ್ಗಿದ ದನಿಯಲ್ಲಿ ಹೇಳಿದರು: "ಮಂಗಳವಾರ ನಿಮ್ಮ ಫೋನ್ ಬಂದ್ರೆ ನನಗೆ ಒಂದು ಖುಷಿ. ನಾಳೆ ಜನ ಬರ್ತಾರೆ ಅಂತ ಜಗಲಿ ತೊಳೀತೇನೆ, ಮೆಟ್ಟಿಲು ತೊಳೀತೇನೆ, ಇದನ್ನೂ ತೊಳೀತೇನೆ. ಬೇರೆ ದಿನ ಯಾರಿಗೆ ಅಂತ ತೊಳೆಯುವುದು ಹೇಳಿ."

ನಾನು ಬರುತ್ತೇನೆ ಎಂದು ಒಂದು ಕುರ್ಚಿ ಒರೆಸಿದವರನ್ನೂ ನಾನು ಅದುವರೆಗೆ ಕಂಡಿರಲಿಲ್ಲ. ಇಲ್ಲಿ ಒಬ್ಬರು ನಸುಕಿಗೆ ಎದ್ದು ಇಡೀ ತಾರಸಿ ತೊಳೆಯುತ್ತಿದ್ದರು, ನಾನು ಅದನ್ನು ಪ್ರೋಗ್ರಾಮಿನ ತಪ್ಪು ಎಂದು ಹುಡುಕುತ್ತಾ ಕೂತಿದ್ದೆ. ಏನಾದರೂ ಹೇಳಬೇಕಿತ್ತು. ಬಾಯಿಗೆ ಬಂದದ್ದು, "ಇನ್ನು ತೊಳೀಬೇಡಿ. ತೊಳೆದ್ರೆ ಈ ಮನೆ ಕಂಪನಿಯ ಪಟ್ಟಿಯಿಂದ ಹೋಗ್ತದೆ, ನನಗೆ ಬರ್ಲಿಕ್ಕೆ ಆಗುವುದಿಲ್ಲ," ಎಂಬುದು ಮಾತ್ರ.

"ಹಾಗಾದ್ರೆ ಮುಟ್ಟುವುದೇ ಇಲ್ಲ," ಎಂದರು ಅವರು ಕೂಡಲೇ.

ಮಾತಿಗೆ ತಪ್ಪಲಿಲ್ಲ. ಆದರೆ ಅವರ ಸಂಕಟ ನೋಡಬೇಕಿತ್ತು. ಮುಂದಿನ ಬುಧವಾರ ಹೋದರೆ ತಾರಸಿಯ ನೆಲ ಅನ್ನ ಬಡಿಸಿ ಉಣ್ಣುವಷ್ಟು ಚೊಕ್ಕ, ಪ್ಯಾನೆಲಿನ ಕಾಲುಗಳನ್ನು ಕೂಡ ಒರೆಸಿದ್ದರು, ನಡುವೆ ಪ್ಯಾನೆಲು ಮಾತ್ರ ಕೆಂಪಗೆ. ಅವರು ಅತ್ತ ನೋಡದೆ ನಿಂತಿದ್ದರು. ಕಾಗೆಯದ್ದನ್ನು ಮಾತ್ರ ಒರೆಸಲೇ ಎಂದು ಕೇಳಿದರು. ಬೇಡ, ಅದೂ ಬೇಕು ಎಂದೆ. "ಎಂಥ ಕೆಲಸ ಅಕ್ಕ ನಿಮ್ಮದು," ಎಂದರು. ಮೇಡಂ ಹೋಗಿ ಅಕ್ಕ ಆಗಿದ್ದೆ.

ಕೊಳೆಯ ಗೆರೆ ಏರತೊಡಗಿತು, ಆ ಮನೆ ಪಟ್ಟಿಯಲ್ಲಿ ಉಳಿಯಿತು. ರಂಜಾನಿನ ಉಪವಾಸದ ತಿಂಗಳು ಬಂದಾಗ ಚಾ ಬೇಡವೇ ಬೇಡ ಎಂದು ಹಟ ಹಿಡಿದೆ. ತಾವು ನೀರು ಕೂಡ ಕುಡಿಯದವರು ನನಗೆ ಚಾ ಕಾಸಿ ತಂದಿಟ್ಟು, ಎದುರಿಗೆ ಕೂತು, ನಾನು ಲೋಟ ಖಾಲಿ ಮಾಡುವವರೆಗೆ ಏಳಲಿಲ್ಲ. "ನನ್ನ ಉಪವಾಸ ನನಗೆ. ಬಂದವರಿಗೆ ಯಾಕೆ?" ಎಂದರು. ಗಂಡ ಅಲ್ಲಿ ಫೋನಿನ ಆ್ಯಪ್‌ನಲ್ಲಿ ದಿನಾ ಸಂಜೆ ಇಲ್ಲಿಯ ಕರೆಂಟು ನೋಡುತ್ತಾರಂತೆ. ಇವತ್ತು ಮೋಡ ಇತ್ತಾ ಎಂದು ಕೇಳುತ್ತಾರಂತೆ. "ನಮ್ಮ ಮಾಡಿನ ಬಿಸಿಲು ಅವರಿಗೆ ಅಲ್ಲಿ ಕಾಣ್ತದೆ. ನಾನು ಮಾತ್ರ ಕಾಣುವುದಿಲ್ಲ," ಎಂದು ಹೇಳಿ, ತಮಾಷೆ ಎಂಬಂತೆ ನಕ್ಕರು. ನನಗೆ ನಗು ಬರಲಿಲ್ಲ.

ಇಷ್ಟಾಗುವಾಗ ನನ್ನ ಪ್ರೋಗ್ರಾಮು ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಕಂಪನಿಯವರಿಗೆ ಖಾತ್ರಿಯಾಯಿತು. ಖಾತ್ರಿಯಾದ ಮೇಲೆ ಅವರು ಎಲ್ಲ ಮಾಡುಗಳ ಮೇಲೂ ಕಂಬ ನೆಟ್ಟು ಒಂದೊಂದು ಕ್ಯಾಮೆರಾ ಕೂರಿಸುವುದೆಂದು ತೀರ್ಮಾನಿಸಿದರು. ದಿನಾ ಬೆಳಿಗ್ಗೆ ಕ್ಯಾಮೆರಾವೇ ಫೋಟೊ ತೆಗೆದು ಕಳಿಸುತ್ತದೆ. "ನಿಮಗೆ ಬಿಸಿಲಲ್ಲಿ ತಿರುಗುವ ಕೆಲಸ ತಪ್ಪಿತಲ್ಲ ಮೇಡಂ," ಎಂದ ಆ ಹುಡುಗ. ಒಳ್ಳೆಯ ಸುದ್ದಿ ಹೇಳಿದವನ ದನಿ ಅದು. ಥ್ಯಾಂಕ್ಸ್ ಎಂದೆ. ಕೆಲಸ ಚೆನ್ನಾಗಿ ಮಾಡಿದ್ದಕ್ಕೆ ಸಿಕ್ಕ ಫಲ ಇದು ಎಂದು ಅವನ ಮೇಲೆ ಸಿಟ್ಟಾಗಲೂ ಆಗಲಿಲ್ಲ.

ವಾಮದಪದವಿನಲ್ಲಿ ಕಂಬ ನೆಡುವ ದಿನ ನಾನೂ ಹೋಗಿದ್ದೆ. ಕ್ಯಾಮೆರಾ ಎಲ್ಲಿ ನೋಡಬೇಕು ಎಂದು ತೋರಿಸಬೇಕಿತ್ತು. ಮನೆಯವರ ಓಡಾಟ ಫೋಟೊದಲ್ಲಿ ಬರಬಾರದು ಎಂದು ಪ್ಯಾನೆಲಿನ ಆಚೆಯದ್ದನ್ನೆಲ್ಲ, ತಾರಸಿ, ಅಂಗಳ, ಪಕ್ಕದ ಮನೆ ಎಲ್ಲವನ್ನೂ, ಕತ್ತರಿಸಿ ಬಿಡುವಂತೆ ಪ್ರೋಗ್ರಾಮಿಗೆ ಹೇಳಿದ್ದೆ. ಕೆಲಸದವರು ಹೋದ ಮೇಲೆ ಅವರು ಕೇಳಿದರು, "ಇನ್ನು ನೀವು ಬರುವುದು ಇಲ್ಲವಾ?"

"ಬರ್ತೇನೆ. ಚಾ ಕುಡೀಲಿಕ್ಕೆ ಬರ್ತೇನೆ."

"ಬುಧವಾರವೇ ಬನ್ನಿ. ನನಗೆ ಬುಧವಾರ ಅಭ್ಯಾಸ ಆಗಿ ಹೋಗಿದೆ."

ಹೋಗಬೇಕೆಂದೇ ಇದ್ದೆ. ಆದರೆ ಕೈಯಲ್ಲಿ ಕ್ಯಾಮೆರಾ ಇಲ್ಲದೆ ಒಬ್ಬರ ಮನೆಯ ಗೇಟು ತೆರೆಯುವುದು ಹೇಗೆ ಎಂದು ನನಗೆ ತಿಳಿಯಲಿಲ್ಲ. ಕೆಲವರು ದಾರಿಯಲ್ಲಿ ಹೋಗುವಾಗ ಸುಮ್ಮನೆ ಒಂದು ಮನೆ ಹೊಕ್ಕು, ಬೆಲ್ಲ ತಿಂದು ನೀರು ಕುಡಿದು, ಊರ ಸುದ್ದಿ ಹೇಳಿ ಹೊರಡುತ್ತಾರೆ. ನಾನು ಆ ಜಾತಿಯವಳಲ್ಲ. ಏನು ಕೆಲಸಕ್ಕೆ ಬಂದೆ ಎಂದು ಯಾರೂ ಕೇಳದಿದ್ದರೂ ನಾನೇ ಕೇಳಿಕೊಳ್ಳುತ್ತೇನೆ. ಒಂದು ಮಂಗಳವಾರ ಸಂಜೆ ಫೋನು ಕೈಗೆ ತೆಗೆದುಕೊಂಡು ಕೂತೆ, ಏನು ಹೇಳುವುದು ಎಂದು ಯೋಚಿಸಿದೆ, ಕೆಳಗಿಟ್ಟೆ.

ಅದರ ಬದಲು ಫೋಟೊ ನೋಡುತ್ತಿದ್ದೆ. ಬೆಳಿಗ್ಗೆ ಚಾ ಕುಡಿಯುವಾಗ ವಾಮದಪದವಿನ ಫೋಟೊ ಬಂದಿರುತ್ತಿತ್ತು. ಬರೀ ಪ್ಯಾನೆಲು, ಅಂಚು ಕತ್ತರಿಸಿದ್ದು. ಆದರೂ ಕೆಲವು ದಿನ ಹಗ್ಗದ ಮೇಲಿನ ಬಟ್ಟೆಯ ನೆರಳು ಪ್ಯಾನೆಲಿನ ಮೇಲೆ ಬೀಳುತ್ತಿತ್ತು. ನೆರಳು ಬಿದ್ದ ಫೋಟೊಗಳನ್ನು ಪ್ರೋಗ್ರಾಮು ಕೆಲಸಕ್ಕೆ ಬಾರದ್ದೆಂದು ಬದಿಗೆ ಹಾಕುತ್ತದೆ. ನಾನು ನೋಡುತ್ತಿದ್ದುದು ಅವನ್ನೇ. ಇದು ಶಾಲೆಯ ಅಂಗಿ, ಇದು ಬೈರಾಸು, ಇವತ್ತು ಬೆಡ್‌ಶೀಟು ಒಗೆದಿದ್ದಾರೆ ಎಂದುಕೊಳ್ಳುತ್ತಿದ್ದೆ. ಪರೀಕ್ಷೆಗಳು ಮುಗಿದು ರಜೆ ಶುರುವಾದ ಸ್ವಲ್ಪ ದಿನಕ್ಕೆ ನೆರಳು ಬೀಳುವುದು ನಿಂತಿತು. ಬಿಸಿಲಿನ ಓರೆ ಬದಲಾಗಿರಬೇಕು ಎಂದುಕೊಂಡೆ. ವಾರ ಕಳೆದರೂ ನೆರಳಿಲ್ಲ. ಕೊಳೆ ಮಾತ್ರ ಏರುತ್ತಾ ಹೋಯಿತು.

ಕೊನೆಗೆ ಫೋನು ಮಾಡಿದೆ. ಆ ನಂಬರು ಬಳಕೆಯಲ್ಲಿಲ್ಲ ಎಂದಿತು. ಕಂಪನಿಯ ಹುಡುಗನನ್ನು ಕೇಳಿದಾಗ ಅವನು ಹೇಳಿದ: "ಅವರಾ? ಅವರು ಸೌದಿಗೆ ಹೋದ್ರಲ್ಲ ಮೇಡಂ. ಹೆಂಡತಿ, ಮಗಳು ಎಲ್ಲ. ಮನೆಗೆ ಬೀಗ, ಕೀ ಪಕ್ಕದ ಮನೆಯಲ್ಲಿ ಉಂಟಂತೆ. ನಮಗೆ ಒಳ್ಳೇದೇ ಆಯ್ತು. ಯಾರೂ ಮುಟ್ಟುವವರಿಲ್ಲ, ಎಷ್ಟು ಚಂದ ಗೆರೆ ಬರ್ತಾ ಉಂಟು ನೋಡಿ. ನಮ್ಮಲ್ಲಿ ಈಗ ಅದೇ ಬೆಸ್ಟ್ ಮನೆ."

ನಿಜ, ಗೆರೆ ಚಂದವಿತ್ತು. ಏರುಪೇರಿಲ್ಲದೆ ಮೇಲೆ ಹೋಗುತ್ತಿತ್ತು. ನನಗೆ ನೋವಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಹೋಗುವಾಗ ಒಂದು ಮಾತು ಹೇಳಬಾರದಿತ್ತೇ? ಆಮೇಲೆ ಅನಿಸಿತು, ಯಾಕೆ ಹೇಳಬೇಕು? ನಾನೇನು ಅವರ ನೆಂಟಳೇ, ನೆರೆಯವಳೇ? ಮೀಟರು ನೋಡಲು ಬರುವವರಿಗೆ, ಗ್ಯಾಸು ತರುವವರಿಗೆ ಯಾರಾದರೂ ಹೇಳಿ ಹೋಗುತ್ತಾರೆಯೇ? ಚಾ ಕೊಟ್ಟದ್ದು ಅವರ ಒಳ್ಳೆಯತನ. ಅದನ್ನು ಹಿಡಿದುಕೊಂಡು ಇಷ್ಟೆಲ್ಲ ಕಟ್ಟಿದ್ದು ನನ್ನ ಒಂಟಿತನ. ಹೀಗೆ ನನಗೆ ನಾನೇ ಬುದ್ಧಿ ಹೇಳಿಕೊಂಡೆ. ಹೇಳಿಕೊಂಡರೂ ಬೆಳಗಿನ ಚಾ ಹೊತ್ತಿಗೆ ಆ ಫೋಟೊ ತೆರೆಯುವುದು ತಪ್ಪಲಿಲ್ಲ.

ಮೇ ತಿಂಗಳ ಕೊನೆಗೆ ಒಂದು ದಿನ ಆ ಫೋಟೊದ ಅರ್ಧಭಾಗ ಕಪ್ಪಾಗಿ ಬಂತು. ಮರುದಿನ ಪೂರ್ತಿ ಕಪ್ಪು. ಪ್ರೋಗ್ರಾಮು ಪ್ಯಾನೆಲೆಲ್ಲ ಕೊಳೆಯೇ ಎಂದು ಬೊಬ್ಬೆ ಹಾಕಿತು. ಕ್ಯಾಮೆರಾಕ್ಕೆ ಏನೋ ಆಗಿದೆ, ಒಮ್ಮೆ ಹೋಗಿ ನೋಡಿ ಬರುತ್ತೀರಾ ಎಂದು ಕಂಪನಿಯಿಂದ ಫೋನು ಬಂತು. ಹೋಗಲು ಮನಸ್ಸಿರಲಿಲ್ಲ. ಆದರೂ ಆ ಶುಕ್ರವಾರ ಹೋದೆ.

ಗೇಟಿನ ಬುಡದಲ್ಲಿ ಒಣಎಲೆ ರಾಶಿ ಬಿದ್ದಿತ್ತು. ಕೀ ಕೇಳಲು ಪಕ್ಕದ ಮನೆಗೆ ಹೋದೆ. ಹಂಚಿನ ಸಣ್ಣ ಮನೆ; ಜಗಲಿಯಲ್ಲಿ ನನಗಿಂತ ಹೆಚ್ಚು ಪ್ರಾಯದ ಹೆಂಗಸೊಬ್ಬರು ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಸೋಲಾರಿನವಳು, ಮೇಲೆ ಹೋಗಬೇಕಿತ್ತು ಎಂದೆ. ಅವರು ಒಮ್ಮೆ ತಲೆ ಎತ್ತಿ ನೋಡಿ ಕೀ ಎತ್ತಿಕೊಟ್ಟರು. ತಾರಸಿ ಹತ್ತಿದೆ. ಕುಂಬಾರ ಹುಳ ಕ್ಯಾಮೆರಾದ ಕಣ್ಣಿನ ಮೇಲೆಯೇ ಮಣ್ಣಿನ ಗೂಡು ಕಟ್ಟಿತ್ತು. ಚೀಲದಲ್ಲಿದ್ದ ಚಮಚದಲ್ಲಿ ಕೆರೆದು ತೆಗೆದು, ಒರೆಸಿ, ಫೋಟೊ ಬರುತ್ತಿದೆ ಎಂದು ನೋಡಿ ಇಳಿದೆ. ಪ್ಯಾನೆಲಿನ ಮೇಲೆ ಬೆರಳಿಟ್ಟರೆ ಹೂತುಹೋಗುವಷ್ಟು ಧೂಳಿತ್ತು. ಮುಟ್ಟಲಿಲ್ಲ.

ಕೀ ತಿರುಗಿ ಕೊಡುವಾಗ ಆ ಹೆಂಗಸು ಕೇಳಿದರು, "ನೀವು ಆ ಬುಧವಾರ ಬರುವ ಅಕ್ಕ ಅಲ್ಲವಾ?"

"ಹೌದು. ಮುಂಚೆ ಬರ್ತಿದ್ದೆ."

"ನಿಮ್ಮನ್ನು ಕಾದು ಕಾದು ಸಾಕಾಯ್ತು ಮಾರಾಯ್ರೆ ನನಗೆ!"

"ನನ್ನನ್ನಾ?"

"ಮತ್ತೆ? ಅವಳು ಹೋಗುವ ದಿನ ನನ್ನ ಹತ್ರ ಬಂದು ಹೇಳಿದ್ದು. ಬುಧವಾರ ಒಬ್ಬರು ಅಕ್ಕ ಬರ್ತಾರೆ, ಒಬ್ಬರೇ ಬರ್ತಾರೆ, ಮನೆಗೆ ಬೀಗ ನೋಡಿ ಹಾಗೇ ತಿರುಗಿ ಹೋಗ್ತಾರೆ, ನೀವು ಕರೆದು ಕೂತ್ಕೊಳ್ಳಿಸಿ ಚಾ ಕೊಡ್ಬೇಕು ಅಂತ. ಫೋನ್ ಮಾಡಿ ಹೇಳಬಹುದಲ್ಲ ಅಂದೆ ನಾನು. ಫೋನಲ್ಲಿ ಹೇಳಿದ್ರೆ ಅವರು ಮತ್ತೆ ಈ ಕಡೆ ಬರ್ಲಿಕ್ಕೇ ಇಲ್ಲ, ಬರ್ತೇನೆ ಅಂದಿದ್ದಾರೆ, ಬರ್ಲಿ, ನೀವು ಉಂಟಲ್ಲ ಅಂದಳು. ನಾನು ಬುಧವಾರ ಬುಧವಾರ ಹಾಲು ತೆಗೆದಿಡುವುದು. ಸಂಜೆವರೆಗೆ ನೋಡಿ ಮೊಸರಿಗೆ ಹಾಕುವುದು."

ಆ ಬುಧವಾರಗಳಲ್ಲೆಲ್ಲ ನಾನು ಮೂಡುಬಿದಿರೆಯಲ್ಲಿ ಕೂತು ಇದೇ ಮಾಡಿನ ಫೋಟೊ ನೋಡುತ್ತಿದ್ದೆ. ಈ ಜಗಲಿ ಅದರ ಬದಿಯಲ್ಲೇ ಇತ್ತು. ಫೋಟೊದಿಂದ ಅದನ್ನು ಕತ್ತರಿಸಿ ತೆಗೆದವಳು ನಾನೇ. ಕಣ್ಣಲ್ಲಿ ನೀರು ಬಂತು, ತಡೆಯಲು ಹೋಗಲಿಲ್ಲ.

ಆ ಹೆಂಗಸು ಅದನ್ನು ಕಂಡರೂ ಕಾಣದ ಹಾಗೆ ಮಡಿಲಿನ ಎಲೆಗಳನ್ನು ಒಟ್ಟುಮಾಡಿದರು. "ಇವತ್ತು ಬುಧವಾರ ಅಲ್ಲ ನೋಡಿ, ಹಾಲಿಲ್ಲ," ಎಂದರು. "ಕಣ್ಣ ಚಾ ಆಗ್ತದಾ?"

"ಆಗ್ತದೆ," ಎಂದೆ.

ಅವರು ಮೊರ ಬದಿಗಿಟ್ಟು ಒಳಗೆ ಹೋದರು. ನಾನು ಹೆಲ್ಮೆಟ್ಟು ಕೆಳಗಿಟ್ಟು ಜಗಲಿಯಲ್ಲಿ ಕೂತೆ.